ಅಕ್ಕನ ಎರಡನೇ ಸಾಲು

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ತಂತಿ ಎಂದು. ಹೆಸರಿಟ್ಟವಳು ಅಕ್ಕ. ತಂಗಿಯ ಕೋಣೆಗೆ ಕಾಲಿಟ್ಟರೆ ಸಾಕು, ಯಾವುದಾದರೊಂದು ವೈರು ತೊಡರಿಕೊಳ್ಳುತ್ತಿತ್ತು. ಒಂದು ಗಿಟಾರು, ಒಂದು ಮೈಕು, ಸದ್ದು ಬದಲಿಸುವ ತಿರುಪುಗಳಿದ್ದ ನಾಲ್ಕಾರು ಡಬ್ಬಿಗಳು, ಕಂಪ್ಯೂಟರು, ಇಷ್ಟೇ ಅವಳ ಮೇಳ. ಜೊತೆಗೆ ಇನ್ನೊಬ್ಬರು ಬೇಡ. ಅಡುಗೆಮನೆಯಲ್ಲಿ ಗುನುಗುವಂಥ ಸಣ್ಣ ಹಾಡು ಕಟ್ಟುವುದು, ಅದರ ಕೆಳಗೆ ನಲ್ಲಿಯ ಸದ್ದನ್ನೋ ಬಾಗಿಲು ಕಿರುಗುಟ್ಟುವುದನ್ನೋ ಹಿಗ್ಗಿಸಿ, ತಿರುಚಿ ಹಾಸುವುದು. ಕೇಳಿದವರಲ್ಲಿ ಅರ್ಧ ಜನ ಕಣ್ಣು ಮುಚ್ಚಿ ಕೂರುತ್ತಿದ್ದರು, ಉಳಿದರ್ಧ ಸ್ಪೀಕರ್ ಕೆಟ್ಟಿದೆಯೇ ಎಂದು ನೋಡುತ್ತಿದ್ದರು.

ಅವಳದೊಂದು ಹಟವಿತ್ತು. ತಿರುಚಿದ ಸದ್ದನ್ನು ಮೂಲದ ಮೇಲೆಯೇ ಸೇವ್ ಮಾಡುವುದು. ಹಳೆಯದು ಅಲ್ಲಿಗೆ ಅಳಿಸಿಹೋಗಬೇಕು. ಇನ್ನೊಂದು ಪ್ರತಿ ಇಟ್ಟುಕೊಂಡರೆ ಮನಸ್ಸು ಹಿಂದಕ್ಕೇ ಜಗ್ಗುತ್ತದೆ ಎನ್ನುತ್ತಿದ್ದಳು. ಕೇಳಲು ಚೆನ್ನಾಗಿತ್ತು, ಭೇಷ್ ಎನ್ನುವವರೂ ಇದ್ದರು.

ಅಕ್ಕ ಟೈಲರ್. ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಾ, ತಾನೇ ಕಟ್ಟಿದ ಎರಡು ಸಾಲು ಹಾಡಿಕೊಳ್ಳುತ್ತಿದ್ದಳು. ಅಳತೆ ಕೊಟ್ಟು ಹೋಗಿ ಮತ್ತೆ ಬಾರದ ಯಾರೋ ಗಿರಾಕಿಯ ಮೇಲಿನ ಹಾಡು. ಫೋಟೋ ಎಂದರೂ ಮುಖ ಮುಚ್ಚಿಕೊಳ್ಳುವ ಹೆಂಗಸು, ತಂಗಿ ಮೈಕು ಹಿಡಿದಾಗ ಮಾತ್ರ ಹೇಗೋ ಒಪ್ಪಿದಳು. ತಂತಿ ಆ ದನಿಯನ್ನು ಹಿಂಜಿ ಹಿಂಜಿ, ತನ್ನೊಂದು ಹಾಡಿನುದ್ದಕ್ಕೂ ಗುಂಯ್‌ಗುಡುವ ಸದ್ದು ಮಾಡಿದಳು.

"ಇದು ನಾನೇನೇ? ಬಚ್ಚಲಲ್ಲಿ ನೀರು ಹೋದ ಹಾಗಿದೆ," ಎಂದು ಅಕ್ಕ ನಕ್ಕಿದ್ದಳು.

ಜ್ವರವೆಂದು ಆಸ್ಪತ್ರೆಗೆ ಹೋದ ಅಕ್ಕ ಜೀವಂತವಾಗಿ ಮನೆಗೆ ಬರಲಿಲ್ಲ. ತಂತಿ ಡಬ್ಬಿಗಳನ್ನು ಮುಟ್ಟುವುದನ್ನೇ ಬಿಟ್ಟಳು. ಅಮ್ಮ ಮಿಷನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದಳು:

"ಅವಳು ಹಾಡಿದ್ದು ನಿನ್ ಹತ್ರ ಇದೆ ಅಲ್ವಾ? ಹಾಕೇ. ನಿನ್ನ ಆ ಗುಂಯ್ ಬೇಡ. ಬರೀ ಅವಳು."

ತಂತಿ ಕಂಪ್ಯೂಟರಿನತ್ತ ತಿರುಗಿದಳು. "ಹುಡುಕ್ತೀನಮ್ಮ," ಎಂದಳು.

ಹುಡುಕಲು ಏನೂ ಇರಲಿಲ್ಲ, ಮೂಲ ಎಂದೋ ಅಳಿಸಿಹೋಗಿತ್ತು. ಹಿಗ್ಗಿಸಿದ್ದನ್ನು ಕುಗ್ಗಿಸಿದಳು, ತಿರುಚಿದ್ದನ್ನು ಬಿಡಿಸಿದಳು. ಬೀಸಿದ ಹಿಟ್ಟಿನಲ್ಲಿ ಕಾಳು ಹುಡುಕಿದ ಹಾಗಾಯಿತು. ಉಸಿರಿನಂಥದ್ದೇನೋ ಬಂತು, ಅಕ್ಕ ಬರಲಿಲ್ಲ. ಅಮ್ಮ ದಿನಾ ಬಾಗಿಲಲ್ಲಿ ನಿಂತು "ಸಿಕ್ತಾ?" ಎನ್ನುವಳು. ನಿಜ ಹೇಳಬಹುದಿತ್ತು. ಹೇಳಬೇಕಿತ್ತು. "ಇನ್ನೂ ಇಲ್ಲಮ್ಮ," ಎನ್ನುವಳು ತಂತಿ.

ಕೊನೆಗೆ, ಅಮ್ಮ ಅಂಗಡಿಗೆ ಹೋಗಿದ್ದಾಗ ತಂತಿ ಮೈಕನ್ನು ಮಿಷನ್ನಿನ ಪಕ್ಕ ಇಟ್ಟು, ಪೆಡಲು ತುಳಿಯುತ್ತಾ ತಾನೇ ಹಾಡಿದಳು. ಅಕ್ಕನ ಹಾಗೆ ಒಂಚೂರು ಮೂಗಿನಲ್ಲಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡವರ ಹಾಗೆ ಅರ್ಧ ಬಾಯಲ್ಲಿ. ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದು ಬರಲಿಲ್ಲ. ತಿಂಗಳುಗಟ್ಟಲೆ ಆ ದನಿಯಲ್ಲೇ ಮುಳುಗಿದ್ದವಳು ಒಮ್ಮೆಯೂ ಮಾತಿಗೆ ಕಿವಿಗೊಟ್ಟಿರಲಿಲ್ಲ. ಬಾಯಿಗೆ ಬಂದ ಮಾತು ಜೋಡಿಸಿ ಸಾಲು ತುಂಬಿಸಿದಳು. ಆಮೇಲೆ ದನಿಯನ್ನು ಕಂಪ್ಯೂಟರಿನಲ್ಲಿ ತುಸು ದಪ್ಪ ಮಾಡಿದಳು. ಇಂಥ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಸಿಕ್ಕಿತೆಂದು ತಂತಿ ಹಾಕಿದ್ದನ್ನು ಅಮ್ಮ ಸ್ಟೂಲಿನ ಮೇಲೆ ಕೂತು ಕೇಳಿದಳು.

ಅಳತೆ ಕೊಟ್ಟು ಹೋದೆಯಲ್ಲ, ಬರಲೇ ಇಲ್ಲ ನೀ
ಹೊಲಿದ ಅಂಗಿ ಗೂಟದಲ್ಲಿ, ಎಲ್ಲಿ ಹೋದೆ ನೀ

ಮೊದಲ ಸಾಲಿಗೇ ಅಮ್ಮನ ಕಣ್ಣು ತುಂಬಿತು. "ನನ್ ಕಂದ," ಎನ್ನುತ್ತಾ ಮಿಷನ್ನಿನ ಮೇಲೆ ಕೈಯಾಡಿಸಿದಳು. ಎರಡನೇ ಸಾಲಿಗೆ ಹುಬ್ಬು ಗಂಟಿಕ್ಕಿದಳು.

"ಇಲ್ಲಿ ಬೇರೆ ಏನೋ ಇತ್ತಲ್ಲ. ಅಂಗಿ ಅಂತ ಇರ್ಲಿಲ್ಲ."

ಸಿಕ್ಕಿಬಿದ್ದೆ ಎಂದುಕೊಂಡಳು ತಂತಿ. ಆದರೆ ಮರುಗಳಿಗೆಯೇ ಭಯಕ್ಕಿಂತ ಆಸೆ ದೊಡ್ಡದಾಯಿತು. ಅಕ್ಕನ ಆ ಸಾಲು ಎಲ್ಲಾದರೂ ಉಳಿದಿದ್ದರೆ ಅದು ಅಮ್ಮನ ತಲೆಯೊಳಗೆ ಮಾತ್ರ.

"ಏನಿತ್ತಮ್ಮ? ಹೇಳು."

ಅಮ್ಮ ಕಣ್ಣು ಮುಚ್ಚಿದಳು. ಮೊದಲ ಸಾಲನ್ನು ಗುನುಗಿ ನಿಂತಳು. ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ಬಾಯಿಂದ ಹೊರಬಂದದ್ದು ಗೂಟದ ಅಂಗಿಯೇ.

"ಆಗ್ಲೇ ನಾಲಿಗೆ ತುದೀಲಿತ್ತು," ಎಂದಳು. "ಈಗ ಇದೇ ಬರ್ತಿದೆ. ಹೋಗ್ಲಿ ಬಿಡು, ನಾನೇ ಮರ್ತಿರ್ಬೇಕು. ಅವಳೇ ಹಾಡಿದ್ದಾಳಲ್ಲ, ಅವಳಿಗೆ ಗೊತ್ತಿರಲ್ವಾ?"

"ಸ್ವಲ್ಪ ನೆನಪು ಮಾಡ್ಕೊಳಮ್ಮ."

"ಯಾಕೆ ತಲೆ ತಿಂತೀಯಾ? ಇನ್ನೊಂದ್ಸಲ ಹಾಕು."

ತಂತಿ ಹಾಕಿದಳು. ಈ ಸಲ ಅಮ್ಮ ಜೊತೆಯಲ್ಲೇ ಹಾಡಿದಳು, ಎಲ್ಲೂ ತಡವರಿಸಲಿಲ್ಲ.