ಊಟ ಕೇಳದ ಡ್ಯೂಕ್

ಕುಸುಮ ತನ್ನ ಅನುವಾದದಲ್ಲಿ ಡ್ಯೂಕ್ ನಾಯಕಿಯೊಡನೆ ಕುಣಿಯುವ ಭಾಗವನ್ನು ಓದಿ ಹೇಳುತ್ತಿದ್ದಂತೆಯೇ ಸೋದರತ್ತೆ ಅಂಕಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಎಸೆದರು.

"ಆ ಡ್ಯೂಕೇ ಕಣಮ್ಮ ಕೊಲೆ ಮಾಡಿರೋನು!"

"ಅಯ್ಯೋ ಅತ್ತೆ, ಕೊಲೆಗಾರನ್ನ ಹಿಡಿಯೋದೇ ಅವನು. ಆಮೇಲೆ ನಾಯಕೀನ ಮದ್ವೆ ಆಗ್ತಾನೆ."

ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಆ ಪ್ರೇಮಕಥೆಯನ್ನು ಕನ್ನಡಕ್ಕೆ ತಂದವಳು ಕುಸುಮ. ನಾಳೆ ಬೆಸಗರಹಳ್ಳಿಯಿಂದ ಮಂಡ್ಯಕ್ಕೆ ಹೋಗಿ ಪ್ರಕಾಶಕರಿಗೆ ಕೊಡಬೇಕು. ಓದುಗರಿಗೆ ಕಥಾನಾಯಕನಾದ ಆ ಸಿರಿವಂತ ಡ್ಯೂಕ್ ಹಿಡಿಸದಿದ್ದರೆ ಅವಳ ಮೊದಲ ಪುಸ್ತಕದ ಕಥೆ ಮುಗಿದಂತೆ.

"ಅವನ ಮೇಲೆ ಯಾಕತ್ತೆ ಅನುಮಾನ?"

"ಅಷ್ಟೊತ್ತು ಆ ಎಣ್ಣಿನ ಕೈ ಇಡ್ಕಂಡು ಕುಣುದ್ನಲ್ಲ, ಉಂಡ್ಯಾ ಅಂತ ಒಂದ್ ಮಾತು ಕೇಳುದ್ನಾ? ಕೊಲೆ ಮಾಡ್ದೆ ಇದ್ರೂ ಅಂಥೋನ್ಗೆ ನಾನು ಎಣ್ಣು ಕೊಡಾಕಿಲ್ಲ."

ಕುಸುಮ ಪೆನ್ನಿನ ಮುಚ್ಚಳ ತೆಗೆದಳು. "ಅಷ್ಟೇ ತಾನೆ? ಇಲ್ಲೇ ಒಂದು ಸಾಲು ಸೇರಿಸಿ ಕೇಳಿಸ್ತೀನಿ ಬುಡತ್ತೆ."

"ಬ್ಯಾಡ," ಅಂದರು ಅಂಕಮ್ಮ. "ನೀ ಏಳ್ಕೊಟ್ಟು ಕೇಳ್ಸೋದು ಬ್ಯಾಡ."