ಅಪ್ಪನ ಏಣಿ ಹೋದ ದಾರಿ

ಆ ಬೀದಿಯಲ್ಲಿ ಬಡಗಿಯೊಬ್ಬನನ್ನು ಬಿಟ್ಟರೆ ಯಾರ ಮನೆಯಲ್ಲೂ ಏಣಿ ಇರಲಿಲ್ಲ. ಬಲ್ಬು ಹೋದರೂ, ಬೆಕ್ಕಿನ ಮರಿ ಸೂರು ಹತ್ತಿದರೂ ಜನ ಅವನ ಶೆಡ್ಡಿಗೇ ಬರುತ್ತಿದ್ದರು. ಅವನದು ಒಂದೇ ಕಟ್ಟಳೆ: ಬೇಕಾದವರೇ ಬರಬೇಕು, ಕೂತು ನೀರು ಕುಡಿದು ಒಯ್ಯಬೇಕು. “ಮುಖ ನೋಡದೆ ಕೊಟ್ಟ ಏಣಿ ವಾಪಸ್ ಬರಲ್ಲ” ಅನ್ನುತ್ತಿದ್ದ.

ಮಗಳಿಗೆ ಆ ಶೆಡ್ಡೆಂದರೆ ಇಂದಿಗೂ ಮರದ ಹೊಟ್ಟಿನ ವಾಸನೆ, ಬಾಗಿಲಿಗೆ ಒರಗಿ ಹೊತ್ತು ಕಳೆಯುತ್ತಿದ್ದ ನೆರೆಹೊರೆಯವರ ಹರಟೆ. ಅಪ್ಪ ಹೋದ ಮೇಲೆ ಅಣ್ಣನನ್ನು ಕಾಡಿಬೇಡಿ ಶೆಡ್ಡನ್ನು ಬ್ಯಾಂಕಿಗೆ ಅಡವಿಟ್ಟಳು. ಒಬ್ಬರ ಮನೆಯ ಸಾಮಾನನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡಿಸುವ ಆಪ್ ಕಂಪನಿ ತೆರೆದಳು. ಅದರಲ್ಲಿ ಮೊದಲು ಹಾಕಿದ್ದು ಅಪ್ಪನ ಏಣಿಯನ್ನೇ. ಪೇಟೆಯಲ್ಲಿ ಗಿರಾಕಿ ಹೆಚ್ಚೆಂದು ಅದನ್ನು ಅಲ್ಲಿನ ದರ್ಜಿ ಹೆಂಗಸಿನ ಅಂಗಡಿಯಲ್ಲಿಟ್ಟಳು. ಕಟ್ಟಳೆಯೂ ಅಪ್ಪನದೇ: ಡೆಲಿವರಿ ಇಲ್ಲ, ಬೇಕಾದವರೇ ಹೋಗಿ, ಕೂತು, ಮಾತಾಡಿ ತರಬೇಕು.

ಜನ ಮುಗಿಬಿದ್ದರು. ಮೊದಲ ಸಲದ ಬಾಡಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಎರಡನೆಯ ಸಲದಿಂದ ಕಮಿಷನ್ ಬರಬೇಕಿತ್ತು. ಎರಡನೆಯ ಸಲ ಯಾರೂ ಆಪಿನತ್ತ ತಲೆ ಹಾಕಲಿಲ್ಲ. ಬ್ಯಾಂಕಿನವರು ಶೆಡ್ಡಿನ ಬಾಗಿಲು ತಟ್ಟಿದ ವಾರ ಅವಳು ದರ್ಜಿಯ ಬಳಿ ಹೋದಳು.

“ಅಕ್ಕಾ, ಏಣಿ ಎಲ್ಲಿ? ಆಪಲ್ಲಿ ಇಲ್ಲೇ ಸುಮ್ನೆ ಬಿದ್ದಿದೆ ಅಂತ ತೋರಿಸ್ತಿದೆ.”

“ಸುಮ್ನೆ ಬೀಳೋಕೆ ಅದಕ್ಕೆಲ್ಲಿ ಪುರುಸೊತ್ತು? ಮೇಷ್ಟ್ರು ಒಯ್ದ್ರು, ಅವರಿಂದ ಬೇಕರಿಯವನು. ಆಮೇಲೆ ಯಾರೋ, ದೇವರೇ ಬಲ್ಲ.”

“ಮತ್ತೆ ಆಪಲ್ಲಿ ಯಾಕೆ ಹಾಕ್ಲಿಲ್ಲ?”

ದರ್ಜಿ ಹಲ್ಲಿನಲ್ಲಿ ದಾರ ಕಡಿದು ನಕ್ಕಳು. “ಮೊದಲ ಸಲ ಯಾರೋ ಏನೋ, ಆಪ್ ಬೇಕಿತ್ತು. ಮೇಷ್ಟ್ರು ಬಂದ್ರು, ಕೂತ್ರು, ಮಾತಾಡಿದ್ವಿ. ಈಗ ಅವರ ಹೆಂಡ್ತಿ ನನಗೆ ಒಡಹುಟ್ಟಿದ ತಂಗಿ ಥರ. ತಂಗಿ ಮನೆಗೆ ಏಣಿ ಕೊಡೋಕೆ ಮಧ್ಯೆ ದಲ್ಲಾಳಿ ಬೇಕಾ? ಒಳ್ಳೇ ಪದ್ಧತಿ ಮಾಡಿದ್ದೀಯ ಕಣೆ, ನಿನ್ನ ಹೊಟ್ಟೆ ತಣ್ಣಗಿರಲಿ!”

ಹೊಟ್ಟೆ ತಣ್ಣಗಾಗಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಅಪ್ಪನ ಶೆಡ್ಡಿನ ಮಾತುಗಳೇ ಕೇಳುತ್ತಿದ್ದವು. ನೀರು, ಹರಟೆ, ನಗು ಎಲ್ಲ ನೆನಪಾಯಿತು. ಅಪ್ಪ ಬಾಡಿಗೆ ಕೇಳಿದ್ದು ಮಾತ್ರ ಎಷ್ಟು ತಡಕಿದರೂ ನೆನಪಾಗಲಿಲ್ಲ.

ಅಣ್ಣ ಶೆಡ್ಡಿನ ಬೀಗದ ಕೈ ಹಿಡಿದು ಕಾಯುತ್ತಿದ್ದ. ಎಲ್ಲ ಕೇಳಿ, “ಮದುವೆ ಮುಗಿದ ಮೇಲೆ ದಲ್ಲಾಳಿನ ಯಾರು ಮನೆಗೆ ಕರೀತಾರೆ, ಪೆದ್ದಿ?” ಎಂದ. ದನಿ ಬೈಗುಳದಂತಿರಲಿಲ್ಲ. ಬೀಗದ ಕೈಯನ್ನು ಬ್ಯಾಂಕಿನವರಿಗೆ ಕೊಟ್ಟ.

ಕಂಪನಿ ಹೋಯಿತು. ಶೆಡ್ಡು ಹೋಯಿತು. ಏಣಿ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಅದನ್ನೂ ಸೇರಿಸಿದರೆ ಹೋದದ್ದು ಮೂರು.