ಏಳನೇ ನಂಬರಿನ ಹಲಗೆ

ಗೋಡೆಯ ಮೇಲೆ ಹನ್ನೊಂದು ಸ್ಕೇಟ್‌ಬೋರ್ಡ್ ಹಲಗೆಗಳು ಸಾಲಾಗಿ ತೂಗುತ್ತಿದ್ದವು. ಹತ್ತಕ್ಕೆ ಚಿತ್ರ ಬರೆದವರು ಹೆಸರು ಮಾಡಿದ ಕಲಾವಿದರು, ಡಿಸೈನರುಗಳು. ಏಳನೆಯದಕ್ಕೆ ಬರೆದವಳು ಕಾರು ಗ್ಯಾರೇಜಿನ ಪಾಲಿಶಕ್ಕ. ಹರಾಜಿನ ಹಣವೆಲ್ಲ ಮಕ್ಕಳ ಆಸ್ಪತ್ರೆಯ ಮೂಳೆ ವಾರ್ಡಿಗೆ. ಅದನ್ನು ಕೇಳಿದ ದಿನವೇ ಅವಳ ಅಣ್ಣ, "ಕಾಲು ಮುರ್ಕೊಳ್ಳೋದು ಇದರ ಮೇಲೆ, ಕಟ್ಟಿಸ್ಕೊಳ್ಳೋದೂ ಇದರ ದುಡ್ಡಲ್ಲೇ. ಒಳ್ಳೆ ವ್ಯಾಪಾರ" ಎಂದು ಹೊಟ್ಟೆ ಕುಣಿಸಿ ನಕ್ಕಿದ್ದ.

ಈಗ ಅಣ್ಣ ನಗುತ್ತಿರಲಿಲ್ಲ. ತಂಗಿಯ ಮೊಳಕೈಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ.

ಕಾರಣ, ಮೈಕು ಹಿಡಿದು ಹರಾಜು ನಡೆಸುತ್ತಿದ್ದ ಡಿಸೈನರ್ ಆಗಷ್ಟೇ ಹೇಳಿದ ಮಾತು. ಗೋಡೆಗೆ ನೇತುಹಾಕಿದ ಹಲಗೆಗೆ ಜೀವ ಇಲ್ಲವೆಂದು ಮುಂದಿನ ಸಾಲಿನ ದೊಡ್ಡ ಮನುಷ್ಯರೊಬ್ಬರು ಅಂದರಂತೆ. ಅದಕ್ಕೇ ಮೂರು ಹಲಗೆಗಳಿಗೆ ಚಕ್ರ ಕೂರಿಸಿ, ಹಿಂದಿನ ಅಂಗಳದ ಮರದ ಇಳಿಜಾರಿನಲ್ಲಿ ಓಡಿಸಿ ತೋರಿಸಿದ ಮೇಲೆ ಹರಾಜು ಕೂಗುತ್ತಾರಂತೆ. ಎಲ್ಲಕ್ಕಿಂತ ಹೊಳೆಯುವ ಏಳನೆಯದೇ ಮೊದಲು.

ಆ ಹಲಗೆಯಲ್ಲಿ ಬಿರುಕಿತ್ತು. ಅದು ಗೊತ್ತಿದ್ದದ್ದು ಇಡೀ ಲೋಕದಲ್ಲಿ ಇಬ್ಬರಿಗೇ.

ಮೂರು ವಾರದ ಹಿಂದೆ ಹಲಗೆ ಗ್ಯಾರೇಜಿಗೆ ಬಂದಾಗ ಅಣ್ಣ ಅದನ್ನು ಎರಡು ಇಟ್ಟಿಗೆಯ ಮೇಲಿಟ್ಟು, ತನ್ನ ಭಾರ ತಡೆಯುತ್ತದೋ ನೋಡೋಣವೆಂದು ಹತ್ತಿ ಕುಣಿದಿದ್ದ. ಎರಡನೆಯ ಕುಣಿತಕ್ಕೆ 'ಟಪ್' ಎಂದಿತು. ಅಷ್ಟೇ. ಮೇಲೆ ಏನೂ ಕಾಣಲಿಲ್ಲ. ತಿರುಗಿಸಿದರೆ, ಚಿತ್ರ ಬರೆಯಬೇಕಾದ ಹೊಟ್ಟೆಯ ಕಡೆ, ಮುಂದಿನ ಬೋಲ್ಟುಗಳ ತೂತಿನ ಪಕ್ಕದಲ್ಲೇ, ಅಡ್ಡಕ್ಕೆ ಕೂದಲೆಳೆಯಂಥ ಗೆರೆ. ಪಾಲಿಶಕ್ಕ ಬ್ಲೇಡು ತೂರಿಸಿ ನೋಡಿದಳು. ಏಳು ಪದರದ ಮರದಲ್ಲಿ ನಾಲ್ಕು ಪದರದಷ್ಟು ಆಳಕ್ಕೆ ಇಳಿಯಿತು.

ಬೇರೆ ಹಲಗೆ ಕೇಳಬಹುದಿತ್ತು. ಕೇಳಿದರೆ, ಗ್ಯಾರೇಜಿನವರ ಕೈಗೆ ಕೊಟ್ಟದ್ದೇ ತಪ್ಪು ಎಂದುಬಿಟ್ಟರೆ? ಅಣ್ಣನೇ ದಾರಿ ತೋರಿಸಿದ. ಗೋಡೆಗೆ ಹಾಕುವ ವಸ್ತುವಿನ ಮೇಲೆ ಯಾರು ಹತ್ತುತ್ತಾರೆ, ಬಿರುಕು ಮುಚ್ಚುವುದರಿಂದಲೇ ತಾನೇ ಇಷ್ಟು ವರ್ಷ ನಮ್ಮ ಮನೆಯ ಒಲೆ ಉರಿದದ್ದು ಎಂದ. ಅದು ಸುಳ್ಳಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಕಸುಬೇ ಅದು: ತಗ್ಗಿಗೆ ಪುಟ್ಟಿಯ ಲೇಪ ತುಂಬು, ವಾಟರ್ ಪೇಪರಿನಿಂದ ಉಜ್ಜು, ಬಣ್ಣ ಹೊಡಿ, ಮತ್ತೆ ಉಜ್ಜು. ಗಿರಾಕಿ ಬಂದು ಕಾರಿನ ಸುತ್ತ ಸುತ್ತಿ "ಎಲ್ಲಿ ಗುದ್ದಿತ್ತು?" ಎಂದು ಕೇಳಿದರೆ ಕೆಲಸ ಗೆದ್ದಂತೆ. ಅವಳ ಕೆಲಸ ಚೆನ್ನಾಗಿದ್ದಷ್ಟೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ಹಲಗೆ ಮಾತ್ರ ಕಣ್ಣಿಗೆ ಬೀಳಬೇಕೆಂದು ಮಾಡಿದ್ದು. ಪಾಲಿಶ್ ಮಾಡಿದ ಬಾನೆಟ್ಟಿನ ಪ್ರತಿಬಿಂಬದಲ್ಲಿ ದಿನವೂ ತಾನು ನೋಡುವುದನ್ನೇ ಅವಳು ಬರೆದಿದ್ದಳು. ಕಡುನೀಲಿಯ ಆಳದಲ್ಲಿ ಬಾಗಿದ ತಗಡಿನ ಸೂರು, ಬಾಲ ಬಂದ ಬಲ್ಬು, ಮೂಲೆಗೆ ಸರಿದು ಕುಗ್ಗಿದ ಬಾಗಿಲು. ನಡುವಿನಿಂದ ಮುಂದಿನ ಬೋಲ್ಟುಗಳವರೆಗೆ, ಬಿರುಕನ್ನೂ ಮುಚ್ಚಿ, ಅಣ್ಣನ ಹೊಟ್ಟೆ, ಆಕಾಶದಷ್ಟು ಅಗಲ. ತನ್ನ ಕಾರು ರಿಪೇರಿಗೆ ಬಂದಾಗ ಅವಳ ಕೈಚಳಕ ಕಂಡು ಈ ಹಲಗೆ ಕಳಿಸಿದ್ದ ಡಿಸೈನರ್ ಇದನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ವಾಲಿಸಿ ನೋಡಿದ್ದ. ಹರಾಜು ಮುಗಿಯಲಿ ಅಕ್ಕಾ, ನಮ್ಮ ಸ್ಟುಡಿಯೋಗೆ ಬಂದುಬಿಡಿ ಎಂದಿದ್ದ. ಆವತ್ತಿನಿಂದ ಅವಳಿಗೆ ಥಿನ್ನರಿನ ವಾಸನೆಯೂ ಹಿತವಾಗಿತ್ತು.

ಅಂಗಳದಲ್ಲಿ ಮೆಕ್ಯಾನಿಕ್ ಹಲಗೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ ಚಕ್ರ ಕೂರಿಸುತ್ತಿದ್ದ. ಸ್ಪ್ಯಾನರಿನ ಒಂದೊಂದು ತಿರುವಿಗೂ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು.

"ಒಂದೇ ಸಲ ತಾನೇ," ಅಣ್ಣ ಕಿವಿಯ ಹತ್ತಿರ ಪಿಸುಗುಟ್ಟಿದ. "ಇಳಿದ ಕೂಡಲೇ ಗೋಡೆಗೆ ವಾಪಸ್. ನಿನ್ನ ಪುಟ್ಟಿ ಹಿಡಿಯತ್ತೆ ಬಿಡು."

"ಪುಟ್ಟಿ ತುಂಬತ್ತೆ ಅಣ್ಣ. ಹಿಡಿಯಲ್ಲ."

ಇದು ಗಿರಾಕಿಗಳಿಗೆ ಅಣ್ಣನೇ ಹೇಳುವ ಮಾತು.

ಹಲಗೆ ಓಡಿಸುವವಳು ಹತ್ತೊಂಬತ್ತರ ಹುಡುಗಿ. ಎಲ್ಲರೂ ಅವಳನ್ನು ಮಿಡತೆ ಎನ್ನುತ್ತಿದ್ದರು. ಕಡ್ಡಿಯಂಥ ಕಾಲು, ಒಂದು ಕಡೆ ನಿಂತವಳಲ್ಲ. ಮೊಳಕೈ ತುಂಬ ಹಳೆಯ ಗಾಯದ ಕಲೆಗಳು. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಅವಳು ಇಳಿಜಾರಿನ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಎರಡು ಆಳೆತ್ತರ. ಕೆಳಗೆ ಸಿಮೆಂಟು ನೆಲ.

ಪಾಲಿಶಕ್ಕ ಜನರ ನಡುವೆ ನುಸುಳಿ ಡಿಸೈನರನ ತೋಳು ಮುಟ್ಟಿದಳು. ಇದನ್ನು ಓಡಿಸುವುದು ಬೇಡ ಎಂದಳು. ಅವನು ನಕ್ಕ. ಮೂರನೇ ನಂಬರಿನ ಹಲಗೆಗೆ ಬರೆದ ಕಾಲೇಜು ಮೇಡಂ ಆಗಿನಿಂದ ಇದೇ ರಾಗ ಹಾಡುತ್ತಿದ್ದರು: ತಮ್ಮ ಚಿತ್ರಕ್ಕೆ ಗೀರು ಬೀಳುತ್ತದೆ, ಬೇಕಾದರೆ ಕೋರ್ಟಿಗೆ ಹೋಗುತ್ತೇನೆ ಎಂದು.

"ನೀವೂ ಶುರು ಮಾಡಿದ್ರಾ ಅಕ್ಕಾ? ಗೀರು ಬಿದ್ರೆ ಬೆಲೆ ಏರತ್ತೆ."

"ಗೀರಿಗಲ್ಲ ಸ್ವಾಮಿ. ಹಲಗೆ..."

ಹಲಗೆ ಒಡೆದಿದೆ ಎನ್ನಬೇಕಿತ್ತು. ಎರಡೇ ಮಾತು. ಅಷ್ಟರಲ್ಲಿ ಯಾರೋ ಅವನನ್ನು ಕರೆದರು, ಅವನು ಮೈಕು ಬಾಯಿಗೆ ಹಿಡಿದ. ಯಾರೋ ಕರೆದದ್ದು ಒಳಗೊಳಗೇ ಒಳ್ಳೆಯದೇ ಆಯಿತೆನ್ನಿಸಿದ್ದು ಅವಳಿಗೆ ಗೊತ್ತಾಯಿತು.

ಮಿಡತೆ ಮೊದಲು ಅಂಗಳದಲ್ಲೇ ಸಮನೆಲದ ಮೇಲೆ ಎರಡು ಸುತ್ತು ಹಾಕಿದಳು. ನೀಲಿ ಬಣ್ಣ ನೆಲಕ್ಕೆ ಮಿಂಚು ಹಾಯಿಸುತ್ತ ಹೋಯಿತು. ಹಲಗೆ ತಡೆಯಿತು. ಜನ ಚಪ್ಪಾಳೆ ತಟ್ಟಿದರು. ಅಣ್ಣ ಹಿಡಿದಿದ್ದ ಉಸಿರು ಬಿಟ್ಟು, "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣೇ" ಎಂದ.

ದೊಣ್ಣೆ ತಪ್ಪಿರಲಿಲ್ಲ, ಇನ್ನೂ ಮೇಲಕ್ಕೆ ಎದ್ದಿತ್ತಷ್ಟೆ. ಮಿಡತೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿಜಾರಿನ ಹಿಂದಿನ ಮೆಟ್ಟಿಲು ಹತ್ತುತ್ತಿದ್ದಳು.

ಪಾಲಿಶಕ್ಕ ಆ ಕಾಲುಗಳನ್ನೇ ನೋಡಿದಳು. ಕಾರಿನ ತಗ್ಗಿದ ಬಾಗಿಲನ್ನೋ ನೆಗ್ಗಿದ ಮಡ್‌ಗಾರ್ಡನ್ನೋ ಸರಿಮಾಡಬಹುದು, ಗುದ್ದಿದ್ದು ಎಲ್ಲಿ ಎಂದು ಕೇಳುವಂತೆ ಮಾಡಬಹುದು. ಆ ಕಾಲಿಗೆ ಯಾವ ಪುಟ್ಟಿ? ಅಣ್ಣ ಮತ್ತೆ ಹಿಡಿದಿದ್ದ ಮೊಳಕೈಯನ್ನು ಅವಳು ಕೊಸರಿಕೊಂಡಳು. ಮೆಕ್ಯಾನಿಕ್ಕಿನ ಮೇಜಿನಿಂದ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಒಂದು ಚಪ್ಪಲಿ ಮೆಟ್ಟಿಲ ಬುಡದಲ್ಲೇ ಉಳಿಯಿತು.

ಮೇಲೆ ಮಿಡತೆ ಹಲಗೆಯ ಹಿಂತುದಿಯನ್ನು ಇಳಿಜಾರಿನ ಅಂಚಿಗಿಟ್ಟು, ಅದರ ಮೇಲೆ ಹಿಮ್ಮಡಿ ಊರಿ, ಇನ್ನೊಂದು ಕಾಲೆತ್ತಿದ್ದಳು. ಚಕ್ರಗಳು ಗಾಳಿಯಲ್ಲಿದ್ದವು. ಪಾಲಿಶಕ್ಕ ಅವಳ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದುಕೊಂಡಳು. ಹಲಗೆಯ ಸಮೇತ ಇಬ್ಬರೂ ಕುಕ್ಕರಿಸಿ ಬಿದ್ದರು. ಕೆಳಗೆ ಗದ್ದಲವಾಯಿತು.

"ಹಲಗೆ ಒಡೆದಿದೆ ಮಗಾ," ಎಂದಳು. "ಮುಚ್ಚಿದ್ದು ನಾನು."

ಮಿಡತೆ ಹಲಗೆ ತಿರುಗಿಸಿ ನೋಡಿದಳು. ಕನ್ನಡಿಯಂಥ ನೀಲಿ. "ಎಲ್ಲಿ?"

ಎಲ್ಲೂ ಕಾಣುತ್ತಿರಲಿಲ್ಲ. ಕೆಳಗಿನಿಂದ ಡಿಸೈನರ್, ಅಕ್ಕಾ ಇಳಿದು ಬನ್ನಿ, ಮರ್ಯಾದೆ ಕಳೀಬೇಡಿ ಎನ್ನುತ್ತಿದ್ದ; ಮೈಕು ಇನ್ನೂ ಚಾಲೂ ಇತ್ತು. ಪಾಲಿಶಕ್ಕ ಸ್ಕ್ರೂಡ್ರೈವರಿನ ಮೊನೆಯನ್ನು ಅಣ್ಣನ ಹೊಟ್ಟೆಗೆ ಇಟ್ಟು ಕೆರೆದಳು. ಬಣ್ಣ ಸುರುಳಿಯಾಗಿ ಎದ್ದಿತು. ಅದರ ಕೆಳಗೆ ಇನ್ನೊಂದು ನೀಲಿ, ಅದರ ಕೆಳಗೆ ಬೂದು ಪ್ರೈಮರ್. ಪುಟ್ಟಿ ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಇಷ್ಟು ಒಳ್ಳೆಯ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಎರಡೂ ಕೈಯಿಂದ ಒತ್ತಿ ಕೆರೆದಳು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಕೊನೆಗೆ ಒಂದು ಚಕ್ಕೆ ಹಾರಿ, ಕೂದಲೆಳೆಯ ಗೆರೆ ಹೊರಬಿತ್ತು. ಕೂದಲೆಳೆ ಈಗ ದಾರದಷ್ಟು ದಪ್ಪವಾಗಿತ್ತು.

ಮಿಡತೆ ಅದರ ಮೇಲೆ ಬೆರಳಾಡಿಸಿದಳು. ಓಡಿಸುವಾಗಲೇ ಸದ್ದು ಮಂಕಾಗಿದೆ ಅನ್ನಿಸಿತ್ತು, ಬಣ್ಣ ದಪ್ಪ ಹಾಕಿದ್ದಾರೆ ಅಂದುಕೊಂಡೆ ಎಂದು ತನಗೇ ಹೇಳಿಕೊಂಡಳು. ಆಮೇಲೆ ಹಲಗೆಯ ಒಂದು ತುದಿಯನ್ನು ಅಟ್ಟದ ಸುತ್ತಲಿನ ಕಬ್ಬಿಣದ ಕಟಕಟೆಯ ಕೆಳಗಂಬಿಗೆ ಆನಿಸಿ, ನಡುವೆ ಒಂದೇ ಕಾಲಿಟ್ಟು ಒತ್ತಿದಳು.

ಟಪ್.

ಎರಡು ತುಂಡು. ಮಿಡತೆ ತುಂಡುಗಳನ್ನು ನೋಡಿದಳು, ಕೆಳಗಿನ ಸಿಮೆಂಟನ್ನು ನೋಡಿದಳು. ಒಂದು ಕಡೆ ನಿಲ್ಲದವಳು ಕಟಕಟೆಗೆ ಒರಗಿ ಕುಳಿತುಬಿಟ್ಟಳು.

ಮೆಟ್ಟಿಲು ಕಿರುಗುಟ್ಟುತ್ತಿತ್ತು. ಅಣ್ಣ ಹತ್ತಿ ಬರುತ್ತಿದ್ದ, ಕೈಯಲ್ಲಿ ತಂಗಿಯ ಚಪ್ಪಲಿ. ಏದುಸಿರು ಬಿಡುತ್ತ ಒಂದು ತುಂಡು ಎತ್ತಿಕೊಂಡು ಕೆಳಗಿನವರಿಗೆ ತೋರಿಸಿದ.

"ಈ ಹೊಟ್ಟೆ ನಂದೇ. ಇದರ ಮೇಲೆ ಹತ್ತಿ ಕುಣಿದು ಒಡೆದವನೂ ನಾನೇ. ನನ್ನ ಮಾತು ಕೇಳಿ ಇವಳು ಮುಚ್ಚಿದಳು."

"ನಿನ್ನ ಮಾತಿಗಲ್ಲ ಅಣ್ಣ," ಪಾಲಿಶಕ್ಕ ಮೆಲ್ಲಗೆ ಎಂದಳು. "ನಂಗೂ ಬೇಕಿತ್ತು."

ಡಿಸೈನರ್ ಮೇಲೆ ನೋಡಲಿಲ್ಲ. ಪಟ್ಟಿಯಲ್ಲಿ ಒಂದು ಗೆರೆ ಹೊಡೆದುಹಾಕಿ, ಎಂಟನೇ ನಂಬರ್ ಎಂದ. ಸ್ಟುಡಿಯೋದ ಬಾಗಿಲು ಮುಚ್ಚಿದ ಸದ್ದು ಅವಳಿಗೆ ಅಷ್ಟರಲ್ಲೇ ಕೇಳಿಸಿತು.

ಮೆಕ್ಯಾನಿಕ್ ಎಂಟನೆಯ ಹಲಗೆಯನ್ನು ಮೇಲಕ್ಕೆ ಚಾಚಿದ. ಮಿಡತೆ ಎದ್ದು ತೆಗೆದುಕೊಂಡಳು, ನೆಲಕ್ಕಿಡಲು ಬಾಗಿದವಳು ತಡೆದಳು. ತಿರುಗಿ ಅದನ್ನು ಪಾಲಿಶಕ್ಕನ ತೊಡೆಯ ಮೇಲಿಟ್ಟಳು.

"ನೀವೊಂದ್ಸಲ ನೋಡ್ಬಿಡಿ ಅಕ್ಕಾ."

ಅದರ ಮೇಲೆ ಯಾರೋ ದೊಡ್ಡ ಕಲಾವಿದರು ಬರೆದ ಕೆಂಪು ಹಕ್ಕಿಗಳಿದ್ದವು. ಪಾಲಿಶಕ್ಕ ಹಕ್ಕಿಗಳನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ರಕ್ತ ಹತ್ತಿದ ಹೆಬ್ಬೆರಳಿನ ಉಗುರನ್ನು ಹಲಗೆಯ ತುದಿಯಿಂದ ತುದಿಗೆ, ಎಲ್ಲಾದರೂ ಸಿಕ್ಕೀತೇ ಎಂದು, ಎಳೆಯತೊಡಗಿದಳು.